ಪ್ಯಾಕಿಂಗ್ ಮಾಡುವ ಇಬ್ಬರಿಂದ ಇನ್ನೂ ಹೆಚ್ಚು ಕೆಲಸ ತೆಗೆಸುವುದು ಹೇಗೆ ಎಂದು ಕೇಳಿದವರಿಗೆ

ಐಟಿ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಆನ್‌ಲೈನ್ ಅಂಗಡಿ ತೆರೆದಿದ್ದೀರಿ, ಇಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೀರಿ. ದಿನಕ್ಕೆ ಎಷ್ಟು ಪಾರ್ಸೆಲ್ ಗುರಿ ಇಡಬೇಕು, ಅದರ ಲೆಕ್ಕಕ್ಕೆ ಯಾವ ಆಪ್ ಒಳ್ಳೆಯದು ಎಂದು ಕೇಳಿದ್ದೀರಿ. ಗುರಿ ಇಡಲೇಬೇಡಿ. ಇಟ್ಟು ಕೈಸುಟ್ಟುಕೊಂಡವನು ಹೇಳುತ್ತಿದ್ದೇನೆ.

ಹೊರ ವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದು, ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟವನು ನಾನು. ಮಾಗಡಿ ರಸ್ತೆಯ ಪಕ್ಕದಲ್ಲಿ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದೆ. ಕಂಪನಿ ಬಿಟ್ಟರೂ ಅಲ್ಲಿನ ಚಾಳಿ ಬಿಡಲಿಲ್ಲ. ಸಾಮಾನು ಜೋಡಿಸುವ ಮೊದಲೇ ಗೋಡೆಗೆ ಬಿಳಿ ಬೋರ್ಡ್ ಹಾಕಿಸಿದೆ. ಎಡಕ್ಕೆ ಹೆಸರು, ಬಲಕ್ಕೆ ಆ ದಿನ ಕಳುಹಿಸಿದ ಪಾರ್ಸೆಲ್‌ಗಳ ಸಂಖ್ಯೆ. ಸಂಜೆ ನಾಲ್ಕಕ್ಕೆ ಕೊರಿಯರ್‌ನವರು ಬರುವಷ್ಟರಲ್ಲಿ ಒಂದು ಆರ್ಡರ್ ಕೂಡ ಬಾಕಿ ಉಳಿಯಬಾರದು ಎಂದು ಕಟ್ಟಪ್ಪಣೆ ಮಾಡಿದೆ.

ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ ಅಕ್ಕ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡಿ ಬಂದವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪಾರ್ಸೆಲ್ ಎತ್ತಿಕೊಂಡು ಬಂದು, "ಸರ್, ಇದು ತಲುಪುವುದಿಲ್ಲ" ಎಂದರು. ಊರು ಹುಬ್ಬಳ್ಳಿ ಎಂದಿತ್ತು, ಪಿನ್‌ಕೋಡ್ ಮಾತ್ರ 560ರಿಂದ ಶುರುವಾಗಿತ್ತು. ಮನೆ ಸಂಖ್ಯೆ ಇಲ್ಲ, 'ಗಣೇಶನ ಗುಡಿಯ ಹತ್ತಿರ' ಎಂದಷ್ಟೇ ಇತ್ತು. ಪಿನ್‌ಕೋಡ್‌ನ ಮೊದಲ ಮೂರು ಅಂಕಿಗಳು ವಿಂಗಡಣೆಯ ಜಿಲ್ಲೆಯನ್ನು ಹೇಳುತ್ತವೆ. 560 ಬೆಂಗಳೂರಿನದು, ಹುಬ್ಬಳ್ಳಿಯದು 580. ಅಂಚೆಯವರು ಹೇಳಿಕೊಡದಿದ್ದರೂ ದಿನವಿಡೀ ಸ್ಟಿಕ್ಕರ್ ಅಂಟಿಸುತ್ತಾ ಅವರಿಗೆ ಅದು ಕರಗತವಾಗಿತ್ತು. ನಾನು ಗಡಿಯಾರ ನೋಡಿ, "ನಾಲ್ಕಾಯಿತು ಅಕ್ಕ, ಮೊದಲು ಕಳುಹಿಸಿ" ಎಂದೆ. ಇನ್ನೊಮ್ಮೆ ಒಂದೇ ಮೊಬೈಲ್ ಸಂಖ್ಯೆಯಿಂದ ಬೇರೆ ಬೇರೆ ಹೆಸರಿನಲ್ಲಿ ಬಂದಿದ್ದ ಆರ್ಡರ್‌ಗಳನ್ನು ತೋರಿಸಿದರು, ಎಲ್ಲವೂ ಕ್ಯಾಶ್ ಆನ್ ಡೆಲಿವರಿ. ನನ್ನದು ಅದೇ ಉತ್ತರ. ಆಮೇಲೆ ಅವರು ತೋರಿಸುವುದನ್ನೇ ಬಿಟ್ಟರು. ಬೋರ್ಡಿನ ಸಂಖ್ಯೆ ಏರುತ್ತಾ ಹೋಯಿತು, ಅದೇ ಏಳಿಗೆ ಎಂದು ನಂಬಿದೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಆರ್ಡರ್‌ಗಳು ಸುರಿದವು. ಸಾಲ ಮಾಡಿ ನೇಕಾರರಿಗೆ ನಗದು ಕೊಟ್ಟು ಸೀರೆ ತರಿಸಿದೆ. ಗೌರಿ ಹಬ್ಬ ಬರುವಷ್ಟರಲ್ಲಿ ಪಾರ್ಸೆಲ್‌ಗಳು ವಾಪಸಾಗತೊಡಗಿದವು. 'ವಿಳಾಸ ಸಿಗಲಿಲ್ಲ', 'ಗ್ರಾಹಕರು ನಿರಾಕರಿಸಿದರು', 'ಕರೆ ಸ್ವೀಕರಿಸಲಿಲ್ಲ'. ಬಾಗಿಲಿನಿಂದ ಒಳಗಿನ ಗೋಡೆಯವರೆಗೂ ರಾಶಿ.

ಇದರ ಲೆಕ್ಕವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಆರ್ಡರ್ ಪುಟದಲ್ಲಿ ಇದು ಕಾಣಿಸುವುದಿಲ್ಲ. ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಹೊರಟಾಗ ನಿಮಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ. ಗ್ರಾಹಕರು ಹಣ ಕೊಟ್ಟರೂ ಅದು ಕೊರಿಯರ್ ಕಂಪನಿಯ ಕೈಯಲ್ಲಿ ಕೆಲವು ದಿನ ಇದ್ದು, ನಂತರ ನಿಮ್ಮ ಖಾತೆಗೆ ಬರುತ್ತದೆ. ಗ್ರಾಹಕರು ಬೇಡವೆಂದರೆ ಹೋದ ಸಾಗಣೆಯ ಖರ್ಚೂ ನಿಮ್ಮದು, ವಾಪಸ್ ಬಂದ ಖರ್ಚೂ ನಿಮ್ಮದು. ಅಷ್ಟು ದಿನವೂ ಸೀರೆ ರಸ್ತೆಯಲ್ಲೇ ಇರುತ್ತದೆ, ಇನ್ನೊಬ್ಬರಿಗೆ ಮಾರುವಂತಿಲ್ಲ. ಹಬ್ಬಕ್ಕೆಂದು ತರಿಸಿದ ಸರಕು ಹಬ್ಬ ಕಳೆದ ಮೇಲೆ ಕೈಗೆ ಬಂದರೆ ಅರ್ಧ ಬೆಲೆಗೂ ಕೇಳುವವರಿಲ್ಲ. ನಾನು ಕಳುಹಿಸಿದ್ದನ್ನೆಲ್ಲ ಮಾರಾಟವೆಂದು ಬರೆದುಕೊಂಡು, ಆ ಸಂಖ್ಯೆಯ ಬಲದ ಮೇಲೆ ಸಾಲ ತೆಗೆದಿದ್ದೆ. ಆ ಸಾಲ ತೀರಿಸಲು ಊರಿನ ನಿವೇಶನ ಮಾರಬೇಕಾಯಿತು.

ಕ್ಯಾಶ್ ಆನ್ ಡೆಲಿವರಿಯನ್ನೇ ನಿಲ್ಲಿಸಿ ಎಂದು ಬಹಳ ಜನ ನಿಮಗೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೆಸರೇ ಕೇಳದ ಅಂಗಡಿಯಿಂದ, ಕಣ್ಣಿನಿಂದ ನೋಡದ, ಕೈಯಿಂದ ಮುಟ್ಟದ ಸೀರೆಗೆ ಮುಂಗಡ ಹಣ ಕೊಡಿ ಎಂದರೆ ಯಾರು ತಾನೇ ಕೊಡುತ್ತಾರೆ? ಯಾವ ಪಾರ್ಸೆಲ್ ವಾಪಸ್ ಬರುತ್ತದೆ ಎಂಬುದು ಮಳಿಗೆಯಲ್ಲಿ ಒಬ್ಬರಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಬೋರ್ಡಿನಲ್ಲಿ ಅವರ ಸಂಖ್ಯೆಯೇ ಇಳಿಯುವಂತೆ ನಾನು ಮಾಡಿಟ್ಟಿದ್ದೆ. ನನ್ನನ್ನು ಮುಳುಗಿಸಿದ್ದು ಇದು.

ಅಕ್ಕನಿಗೆ ಬಾಯಿಲ್ಲ ಎಂದುಕೊಳ್ಳಬೇಡಿ. ಭವಿಷ್ಯ ನಿಧಿ ಹಣ ಹಿಂಪಡೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿಗೊಳಿಸಿದ್ದಕ್ಕೆ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಹೊಸೂರು ರಸ್ತೆ ಸ್ತಬ್ಧವಾಯಿತು, ಪ್ರತಿಭಟನೆಯ ಎರಡನೆಯ ದಿನವೇ ಸರ್ಕಾರ ನಿಯಮವನ್ನು ಕೈಬಿಟ್ಟಿತು. ಆ ಗುಂಪಿನಲ್ಲಿ ಅಕ್ಕನೂ ಇದ್ದರು. ಅಂಥವರು ನನ್ನ ಮಳಿಗೆಯಲ್ಲಿ ಮಾತು ನಿಲ್ಲಿಸಿದ್ದರು. ಗಂಟೆಗೆ ಇಷ್ಟು ಪೀಸ್ ಎಂಬ ಬೋರ್ಡಿನ ಕೆಳಗೆ ವರ್ಷಾನುಗಟ್ಟಲೆ ಕೂತವರಿಗೆ ಬೋರ್ಡ್ ಏನು ಕೇಳುತ್ತದೆ ಎಂಬುದು ಚೆನ್ನಾಗಿ ಗೊತ್ತು: ಸಂಖ್ಯೆ ಮುಗಿಸಿ, ಮಿಕ್ಕಿದ್ದು ನಿಮಗೆ ಸಂಬಂಧವಿಲ್ಲ. ಅವರನ್ನು ಅಲ್ಲಿಂದ ಕರೆತಂದು ನಾನು ಮತ್ತೆ ಅದನ್ನೇ ಹೇಳಿದ್ದೆ. ಇದು ನೆನಪಾದರೆ ಈಗಲೂ ಸಂಕಟವಾಗುತ್ತದೆ, ನಿವೇಶನ ಹೋದದ್ದಕ್ಕಿಂತ ಹೆಚ್ಚಾಗಿ.

ಈಗ ಬೋರ್ಡ್ ಇಲ್ಲ, ಒಂದು ಕಪಾಟು ಇದೆ. ಅನುಮಾನ ಬಂದ ಪಾರ್ಸೆಲನ್ನು ಯಾರು ಬೇಕಾದರೂ ಅಲ್ಲಿಡಬಹುದು, ನನ್ನನ್ನು ಕೇಳಬೇಕಿಲ್ಲ. ಟೊಯೊಟಾದ ಕಾರ್ಖಾನೆಗಳಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು ಎಂಬುದನ್ನು ನಮ್ಮ ಕಂಪನಿಯ ತರಬೇತಿಯಲ್ಲಿ ಚಿತ್ರ ಸಮೇತ ಕಲಿಸಿದ್ದರು. ಅದು ಪ್ಯಾಕಿಂಗ್ ಮೇಜಿಗೂ ಅನ್ವಯಿಸುತ್ತದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಕಪಾಟಿನಲ್ಲಿರುವ ಪ್ರತಿ ಆರ್ಡರ್‌ಗೂ ಅಕ್ಕನೇ ಕರೆ ಮಾಡುತ್ತಾರೆ. "ನಿಮ್ಮ ಸೀರೆ ನಾಳೆ ಹೊರಡುತ್ತದೆ, ಮನೆಯಲ್ಲಿ ಯಾರು ಇರುತ್ತಾರೆ?" ಎಂದು ಕೇಳುತ್ತಾರೆ. ಉತ್ತರ ಬರುವ ಧಾಟಿಯಲ್ಲೇ ಅವರಿಗೆ ತಿಳಿಯುತ್ತದೆ. ಕಳುಹಿಸುವ ಪಾರ್ಸೆಲ್ ಕಡಿಮೆಯಾಗಿದೆ, ಖಾತೆಗೆ ಬರುವ ಹಣ ಹೆಚ್ಚಾಗಿದೆ.

ಹಾಗಾಗಿ ಆಪ್‌ಗೆ ದುಡ್ಡು ಹಾಕಬೇಡಿ. ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ಇಂದಿನ ಲೆಕ್ಕ' ಕೇಳುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ. ಅದು ನಿಮ್ಮ ಹಳೆಯ ಕಚೇರಿಯಿಂದ ಬಂದ ರೋಗ. ನಿಮ್ಮ ಇಬ್ಬರನ್ನೂ ಕೂರಿಸಿಕೊಂಡು, ಇವತ್ತಿನ ಪಾರ್ಸೆಲ್‌ಗಳಲ್ಲಿ ನೀವಾಗಿದ್ದರೆ ಯಾವುದನ್ನು ಕಳುಹಿಸುತ್ತಿರಲಿಲ್ಲ ಎಂದು ಕೇಳಿ. ಮೊದಲ ದಿನ ಏನೂ ಹೇಳುವುದಿಲ್ಲ, ಮರುದಿನ ಮತ್ತೆ ಕೇಳಿ. ಅವರು ತೋರಿಸಿದ ಒಂದು ಪಾರ್ಸೆಲನ್ನಾದರೂ ಅವರೆದುರಿಗೇ ತಡೆಹಿಡಿಯಿರಿ. ಗ್ರಾಹಕರಿಗೆ ಕರೆ ಮಾಡುವ ಸಮಯವನ್ನು ಕೆಲಸದ ಸಮಯದಲ್ಲೇ ಲೆಕ್ಕಹಾಕಿ, ಅದಕ್ಕಾಗಿ ಸಂಜೆ ಉಳಿಸಿಕೊಳ್ಳಬೇಡಿ. ಇದನ್ನೆಲ್ಲ ಆಷಾಢದಲ್ಲೇ ಶುರುಮಾಡಿ. ಶ್ರಾವಣ ಬಂದರೆ ಆರ್ಡರ್‌ಗಳ ಭರಾಟೆಯಲ್ಲಿ ನಿಮಗೆ ಕೇಳಿಸಿಕೊಳ್ಳುವ ವ್ಯವಧಾನ ಇರುವುದಿಲ್ಲ.