ಲಿಫ್ಟಿನಲ್ಲಿ ಜೊತೆಗೆ ಬಂದ ಎಂ.ಡಿ.

ತಮ್ಮಾ, ಹುಬ್ಬಳ್ಳಿಯಿಂದ ನೀನು ಬರೆದದ್ದನ್ನು ಓದಿದೆ. ಲೋವರ್ ಪರೇಲಿನಲ್ಲಿ ಕೆಲಸ, ವರ್ಷಕ್ಕೆ 6 ಲಕ್ಷ ಸಿ.ಟಿ.ಸಿ. (ಕಂಪನಿಗೆ ನಿನ್ನ ಮೇಲೆ ಬೀಳುವ ಒಟ್ಟು ಖರ್ಚು), ಮುಂಬೈಯಲ್ಲಿ ಸಾಲುತ್ತದೆಯೇ ಎಂದು ಕೇಳಿದ್ದೀ. ಇಂಟರ್‌ವ್ಯೂ ದಿನ ಎಂ.ಡಿ. (ಮ್ಯಾನೇಜಿಂಗ್ ಡೈರೆಕ್ಟರ್) ನಿನ್ನ ಜೊತೆಯೇ ಲಿಫ್ಟಿನಲ್ಲಿ ಬಂದರಂತೆ, ಇಲ್ಲಿ ದೊಡ್ಡವರು ಚಿಕ್ಕವರು ಅಂತ ಇಲ್ಲವಂತೆ.

ದುಡ್ಡಿನ ಮಾತು ಮೊದಲು. ಆ 6 ಲಕ್ಷದಲ್ಲಿ ಕಂಪನಿ ಕಟ್ಟುವ ಪಿ.ಎಫ್. ಸೇರಿದೆ, ಐದು ವರ್ಷ ತುಂಬುವ ಮೊದಲು ಬಿಟ್ಟರೆ ಕೈಗೆ ಬಾರದ ಗ್ರಾಚ್ಯುಟಿಯೂ ಸೇರಿದೆ. ಕೈಗೆ ಬರುವುದು ಅಷ್ಟಿಲ್ಲ, ಆದರೂ ಡೊಂಬಿವಲಿ ಕಡೆ ಇಬ್ಬರು ಸೇರಿ ಮನೆ ಮಾಡಿದರೆ ನಡೆಯುತ್ತದೆ.

ಇನ್ನು ಲಿಫ್ಟು. ನಾನು ಇಲ್ಲಿಗೆ ಬಂದು 22 ವರ್ಷ, ಅಕೌಂಟ್ಸ್‌ನವನು. 2020ರ ಲಾಕ್‌ಡೌನಿನಲ್ಲಿ ನಮಗೆಲ್ಲ ಕಾಲು ಭಾಗ ಸಂಬಳ ಕಡಿತವಾಯಿತು. ನಮ್ಮ ಎಂ.ಡಿ. ವಿಡಿಯೋದಲ್ಲಿ ಬಂದು, 'ನನ್ನ ಸಂಬಳ ಅರ್ಧಕ್ಕೆ ಇಳಿಸಿಕೊಂಡಿದ್ದೇನೆ' ಎಂದರು. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳೇಕೆ. ಆಮೇಲೆ ವಾರ್ಷಿಕ ವರದಿ ಬಂತು. ಸಂಬಳದ ಸಾಲಿನಲ್ಲಿ ಅರ್ಧವಾದದ್ದು ನಿಜ. ಕೆಳಗಡೆ ಕಮಿಷನ್ ಎಂಬ ಇನ್ನೊಂದು ಸಾಲಿತ್ತು. ಹೋದ ಅರ್ಧ ಅಲ್ಲಿಂದ ವಾಪಸು ಬಂದು, ಮೇಲೆ ಇನ್ನಷ್ಟು ಉಳಿದಿತ್ತು. ನಮ್ಮ ಕಾಲು ಭಾಗ ಬರಲೇ ಇಲ್ಲ.

ನಿನ್ನ ಕಂಪನಿ ಷೇರುಪೇಟೆಯಲ್ಲಿದೆ ಅಂದೆಯಲ್ಲ, ಅದರ ವರದಿಯನ್ನೂ ಬಿಚ್ಚಿ ನೋಡು. ನೌಕರರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವನಿಗಿಂತ ನಿರ್ದೇಶಕರ ಗಳಿಕೆ ಎಷ್ಟು ಪಟ್ಟು ಹೆಚ್ಚು ಎಂದು ಅದರಲ್ಲಿ ಹೇಳಲೇಬೇಕು. 2013ರ ಕಂಪನಿ ಕಾಯ್ದೆಯ 197ನೇ ಕಲಮು. ಆಡಳಿತದವರ ಒಟ್ಟು ಸಂಭಾವನೆಗೆ ನಿವ್ವಳ ಲಾಭದ ಶೇ. 11ರ ಮಿತಿಯೂ ಇದೆ. ಷೇರುದಾರರು ಸಭೆಯಲ್ಲಿ ಠರಾವು ಮಾಡಿದರೆ ದಾಟಬಹುದು. ಹೆಚ್ಚಿನ ಷೇರು ಎಂ.ಡಿ. ಮನೆಯಲ್ಲೇ ಇದ್ದರೆ ಠರಾವು ಎಷ್ಟು ಕಷ್ಟವೋ ನೀನೇ ಯೋಚಿಸು. ನೌಕರರ ಆ ಸಾಲಿನಲ್ಲಿ ನೆಲ ಒರೆಸುವ ಹೆಂಗಸೂ ಗೇಟಿನ ವಾಚ್‌ಮನ್ನನೂ ನಿಲ್ಲುವುದಿಲ್ಲ, ಅವರು ಗುತ್ತಿಗೆದಾರನ ಆಳುಗಳು. ಅವರನ್ನೂ ನಿಲ್ಲಿಸಿದರೆ ನಡುವಿನವನು ಎಷ್ಟು ಕೆಳಗೆ ಜಾರುತ್ತಾನೋ!

ನೀನು ಕೂರಲಿರುವುದು ಗಿರಣಗಾಂವ್‌ನಲ್ಲಿ, ಮುಂಬೈಯ ಹಳೆಯ ಬಟ್ಟೆ ಗಿರಣಿಗಳ ಪ್ರದೇಶದಲ್ಲಿ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ ಜಾಗ. ಸೋತರು, ಆದರೆ ಒಟ್ಟಾಗಿ ಕೇಳಿದ್ದರು. ನಮ್ಮನ್ನು ಅಪ್ರೈಸಲ್‌ಗೆ, ಅಂದರೆ ಕೆಲಸ ಅಳೆದು ಸಂಬಳ ಮಾತಾಡುವುದಕ್ಕೆ, ಒಬ್ಬೊಬ್ಬರನ್ನೇ ಕರೆದು ಬಾಗಿಲು ಹಾಕುತ್ತಾರೆ. ಪಕ್ಕದ ಟೇಬಲಿನವನ ಸಂಬಳ ನನಗೆ ಇವತ್ತಿಗೂ ಗೊತ್ತಿಲ್ಲ, ಎಂ.ಡಿ.ಯದ್ದು ಬಾಯಿಪಾಠ.

ನೀನು ಕಳಿಸಿದ ಆಫರ್ ಲೆಟರಿನ ಮೂರನೇ ಪುಟ ಇನ್ನೊಮ್ಮೆ ಓದು. ನೀನು ಬಿಟ್ಟರೆ 90 ದಿನದ ನೋಟಿಸು, ಅವರು ಬಿಡಿಸಿದರೆ 30. ಸಹಿ ಹಾಕುವ ಮೊದಲು, ಎರಡೂ ಕಡೆ ಒಂದೇ ಮಾಡಿ ಎಂದು ಕೇಳು. ಲಿಫ್ಟಿನಲ್ಲೇ ಕೇಳಿದರೂ ಆದೀತು.