ಮನೆಯಲ್ಲಿ ಮಾಡಿದ ಸಸ್ಯಾಹಾರಿ ಫೋ ಸಪ್ಪೆ ಆಗುತ್ತದೆ, ಏನು ಮಾಡಲಿ?

ಫೋ ಅಂದರೆ ವಿಯೆಟ್ನಾಮಿನ ನೂಡಲ್ಸ್ ಸಾರು. ತರಕಾರಿ ಬೇಯಿಸಿ, ಮಸಾಲೆ ಹಾಕಿ, ಅಕ್ಕಿ ನೂಡಲ್ಸ್ ಬೆರೆಸಿದರೂ ಬಿಸಿನೀರು ಕುಡಿದ ಹಾಗಿತ್ತು ಅಂತ ಬರೆದಿದ್ದೀರಿ. ನನಗೂ ಮೊದಲ ಸಲ ಹಾಗೇ ಆಯಿತು. ಸಪ್ಪೆ ಅಂತ ಚಕ್ಕೆ, ಲವಂಗ ಏರಿಸುತ್ತಾ ಹೋದೆ. ಕೊನೆಗೆ ಮನೆಯೆಲ್ಲ ಪಲಾವ್ ವಾಸನೆ. ಅಮೆರಿಕದ ಸ್ಯಾನ್ ಹೋಸೆಯಲ್ಲಿ ನಮ್ಮ ಪಕ್ಕದ ಮನೆಯ ವಿಯೆಟ್ನಾಮಿ ಅಜ್ಜಿ ಒಂದು ಚಮಚ ಬಾಯಿಗಿಟ್ಟು ನಕ್ಕುಬಿಟ್ಟರು.

ಅವರು ಹುಣ್ಣಿಮೆ ದಿನ ಮಾಂಸ ಮುಟ್ಟುವುದಿಲ್ಲ, ಚಾಂದ್ರಮಾಸದ ಮೊದಲ ದಿನವೂ ಅಷ್ಟೇ. ಆ ಊಟಕ್ಕೆ ‘ಚಯ್’ ಅನ್ನುತ್ತಾರೆ. ಕಟ್ಟುನಿಟ್ಟಿನ ಬೌದ್ಧರು ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕರು. (ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದಾಗ ‘ಮಡಿ ಅಡುಗೆ ಅನ್ನು’ ಅಂದರು.) ನಾನು ಕೆಳಗೆ ಹೇಳುತ್ತಿರುವುದು ಅವರ ಕೈಯ ಅಳತೆ, ನಾಲ್ಕು ಜನಕ್ಕೆ.

ರುಚಿ ಬರಬೇಕಾದದ್ದು ತರಕಾರಿಯ ಸಿಹಿಯಿಂದ, ಒಣಗಿದ ಶಿಟಾಕೆ ಅಣಬೆಯಿಂದ. ಹತ್ತು ಅಣಬೆ ನೆನೆಹಾಕಿ. ನೆನೆಸಿದ ನೀರನ್ನು ಚೆಲ್ಲಬೇಡಿ, ಅರ್ಧ ರುಚಿ ಅದರಲ್ಲೇ ಇರುತ್ತದೆ. ಒಂದು ದೊಡ್ಡ ಬಿಳಿ ಮೂಲಂಗಿ, ಎರಡು ಕ್ಯಾರೆಟ್, ಎರಡು ಮೆಕ್ಕೆಜೋಳದ ತೆನೆ, ಒಂದು ಸೇಬು ಇವನ್ನು ಅಣಬೆ ಮತ್ತು ಅದರ ನೀರಿನ ಜೊತೆ 3 ಲೀಟರ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬಿಡಿ. ಕುಕ್ಕರ್ ಬೇಡ, ಸಾರು ಕದಡಿಹೋಗುತ್ತದೆ.

ದೊಡ್ಡ ಶುಂಠಿ ತುಂಡೊಂದನ್ನು, ಗೊಜ್ಜಿಗೆ ಬದನೆಕಾಯಿ ಸುಡುತ್ತೀವಲ್ಲ, ಹಾಗೆ ಉರಿಯ ಮೇಲಿಟ್ಟು ಸಿಪ್ಪೆ ಕಪ್ಪಾಗುವವರೆಗೆ ಸುಡಿ. ಕರಿ ಕೆರೆದು ಜಜ್ಜಿ ಪಾತ್ರೆಗೆ ಹಾಕಿ. ಈ ಸುಟ್ಟ ಘಮ ಇಲ್ಲದೆ ಅದು ಬರೀ ತರಕಾರಿ ಸೂಪು.

ಮಸಾಲೆಯಲ್ಲಿ ಜಿಪುಣರಾಗಿ: ಎರಡು ಚಕ್ರಮೊಗ್ಗು, ಬೆರಳುದ್ದ ಚಕ್ಕೆ, ಮೂರು ಲವಂಗ, ಒಂದು ಕಪ್ಪು ಏಲಕ್ಕಿ, ಒಂದು ಚಮಚ ಧನಿಯಾ. ಎಣ್ಣೆಯಿಲ್ಲದೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕೊನೆಯ ಅರ್ಧ ಗಂಟೆ ಮಾತ್ರ ಇಳಿಬಿಡಿ. ಆಮೇಲೆ ಸೋಸಿ, ಉಪ್ಪು, ಸೋಯಾ ಸಾಸ್, ಒಂದು ಚೂರು ಕಲ್ಲುಸಕ್ಕರೆ. ನಿಮ್ಮದು ಎಡವಿರುವುದು ಬಹುಶಃ ಇಲ್ಲೇ. ಬರೀ ಸಾರು ಕುಡಿದಾಗ ಉಪ್ಪು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಬೇಕು. ನೂಡಲ್ಸಿಗೆ ಉಪ್ಪಿಲ್ಲ, ಅದು ಬಿದ್ದ ಕೂಡಲೇ ಎಲ್ಲ ತೆಳುವಾಗುತ್ತದೆ.

ನೂಡಲ್ಸನ್ನು ಸಾರಿನಲ್ಲಿ ಬೇಯಿಸಲೇಬಾರದು, ಗಂಜಿಯಾಗುತ್ತದೆ. ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಬೇರೆ ಪಾತ್ರೆಯ ಕುದಿನೀರಿನಲ್ಲಿ ಮೆತ್ತಗಾಗುವಷ್ಟು ಹೊತ್ತು ಅದ್ದಿ ತೆಗೆದು ಬಟ್ಟಲಿಗೆ ಹಾಕಿ. ಮೇಲೆ ಹುರಿದ ತೋಫು (ಸೋಯಾ ಪನೀರ್), ಬೆಂದ ಅಣಬೆ, ಆಮೇಲೆ ಕೊತಕೊತ ಕುದಿಯುವ ಸಾರು.

ಮೊಳಕೆ, ತುಳಸಿ ಜಾತಿಯ ಸೊಪ್ಪು, ನಿಂಬೆ, ಹಸಿಮೆಣಸಿನ ತಟ್ಟೆ ಪಕ್ಕದಲ್ಲಿಡುವುದು ದಕ್ಷಿಣ ವಿಯೆಟ್ನಾಮಿನವರ ಪದ್ಧತಿ. ಫೋ ಹುಟ್ಟಿದ್ದು ಉತ್ತರದಲ್ಲಿ; 1954ರಲ್ಲಿ ದೇಶ ಇಬ್ಭಾಗವಾದಾಗ ದಕ್ಷಿಣಕ್ಕೆ ಬಂದವರ ಜೊತೆ ಅದು ಅಲ್ಲಿನ ಸೈಗಾನ್ ನಗರದಲ್ಲಿ ಬೆಳೆಯಿತು. ಅಜ್ಜಿ ಉತ್ತರದ ಕಡೆಯವರು, ಸಾಸ್ ಸುರಿದರೆ ಮುಖ ಸಿಂಡರಿಸುತ್ತಾರೆ. ನಾನಂತೂ ಹಸಿಮೆಣಸಿನಕಾಯಿ ಬಿಡುವವನಲ್ಲ.

ಹೋಟೆಲಿನ ರುಚಿಗೆ ಹೋಲಿಸುತ್ತಿದ್ದರೆ ಒಂದು ಮಾತು. ‘ವೆಜಿಟೆಬಲ್ ಫೋ’ ಅಂತ ಬರೆದಿದ್ದರೂ ಸಾರು ಮೂಳೆಯದಿರಬಹುದು, ಮೀನಿನ ಸಾಸೂ ಬಿದ್ದಿರಬಹುದು. ‘ಫೋ ಚಯ್’ ಇದೆಯಾ ಅಂತಲೇ ಕೇಳಿ.