ಮಗುವಿನ ಹೊಟ್ಟೆಯಲ್ಲಿ ನೀರುಚೀಲ: ರಜೆಯವರೆಗೆ ಕಾಯಬಹುದೇ?

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ಆರು ತಿಂಗಳಿಂದ ಆಗಾಗ ಹೊಟ್ಟೆನೋವು ಬಂದು ಹೋಗುತ್ತಿತ್ತು. ಜಂತುಹುಳುವಿನ ಔಷಧಿ ಕೊಟ್ಟೆವು. ಹೊಕ್ಕುಳು ಜಾರಿದೆಯೆಂದು ಅತ್ತೆಯವರು ಹರಳೆಣ್ಣೆ ಹಚ್ಚಿ ನೀವಿಸಿದರು. ಕಳೆದ ವಾರ ಸ್ಕ್ಯಾನಿಂಗ್ ಮಾಡಿಸಿದಾಗ 7 ಸೆಂ.ಮೀ. ಅಳತೆಯ ‘ಮೆಸೆಂಟೆರಿಕ್ ಸಿಸ್ಟ್’ ಕಂಡುಬಂದಿದ್ದು, ಆಪರೇಷನ್ ಆಗಬೇಕೆಂದು ಮಕ್ಕಳ ಸರ್ಜನ್ ಹೇಳಿದ್ದಾರೆ. ಈಗ ನೋವಿಲ್ಲ, ಆಟವಾಡಿಕೊಂಡಿದ್ದಾನೆ. ಇದು ಕ್ಯಾನ್ಸರ್ ಇರಬಹುದೇ? ಸೂಜಿಯಿಂದ ನೀರು ತೆಗೆಸಿದರೆ ಸಾಲದೇ? ಬೇಸಿಗೆ ರಜೆಯವರೆಗೆ ಕಾಯಬಹುದೇ?
– ಹೆಸರು ಬೇಡ, ಸಾಗರ

ಉತ್ತರ: ಕ್ಯಾನ್ಸರ್‌ನ ಭಯವನ್ನು ಬಹುಮಟ್ಟಿಗೆ ಬದಿಗಿಡಿ. ಮಕ್ಕಳಲ್ಲಿ ಇಂಥ ಸಿಸ್ಟ್ ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ದೇಹದಲ್ಲಿ ದುಗ್ಧರಸವೆಂಬ (ಲಿಂಫ್) ದ್ರವವನ್ನು ಸಾಗಿಸುವ ದುಗ್ಧರಸನಾಳಗಳು ಬೆಳೆಯುವಾಗ ಉಂಟಾದ ಜನ್ಮಜಾತ ದೋಷವೇ ಹೆಚ್ಚಿನವುಗಳ ಮೂಲ. ಆಸ್ಪತ್ರೆಗೆ ದಾಖಲಾಗುವ ಸುಮಾರು 20,000 ಮಕ್ಕಳಲ್ಲಿ ಒಬ್ಬರಿಗೆ ಕಾಣಿಸುವ ತೊಂದರೆಯಾದ್ದರಿಂದ, ಆರು ತಿಂಗಳು ಗೊತ್ತಾಗಲಿಲ್ಲವೆಂದು ನೀವು ನೊಂದುಕೊಳ್ಳಬೇಕಿಲ್ಲ.

ನನಗೆ ಚಿಂತೆಯಿರುವುದು ಬೇರೆ ಕಾರಣಕ್ಕೆ. ಸಣ್ಣ ಕರುಳನ್ನು ಹೊಟ್ಟೆಯ ಹಿಂಗೋಡೆಗೆ ಹಿಡಿದಿಟ್ಟಿರುವ ಪೊರೆಯೇ ಮೆಸೆಂಟರಿ. ಸೊಂಟದಲ್ಲಿ ಒಟ್ಟುಗೂಡಿಸಿ ಸಿಕ್ಕಿಸಿದ ಸೀರೆಯ ನೆರಿಗೆ ಕೆಳಗೆ ಅಗಲವಾಗಿ ಹರಡುವಂತೆ, ವಯಸ್ಕರಲ್ಲಿ ಸುಮಾರು 15 ಸೆಂ.ಮೀ. ಬುಡವಿರುವ ಈ ಪೊರೆ ಹಲವು ಮೀಟರ್ ಉದ್ದದ ಕರುಳನ್ನು ಹೊತ್ತಿರುತ್ತದೆ, ಕರುಳಿಗೆ ರಕ್ತ ಒಯ್ಯುವ ನಾಳಗಳೂ ಅದರೊಳಗೇ ಸಾಗುತ್ತವೆ. ಅಂಥ ಪೊರೆಯಲ್ಲಿ ನೀರು ತುಂಬಿದ ಭಾರವೊಂದು ಜೋತುಬಿದ್ದಾಗ ಕರುಳು ತಿರುಚಿಕೊಳ್ಳಬಹುದು. ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಆ ಭಾಗ ಕೊಳೆಯತೊಡಗುತ್ತದೆ. ಸಿಸ್ಟ್‌ನೊಳಗೆ ರಕ್ತಸ್ರಾವವಾಗಿ ಅದು ದಿಢೀರನೆ ಊದಿಕೊಳ್ಳುವುದು, ಸೋಂಕು ತಗಲುವುದು, ಪೆಟ್ಟು ಬಿದ್ದಾಗ ಒಡೆಯುವುದು, ಕರುಳನ್ನು ಒತ್ತಿ ಆಹಾರದ ದಾರಿಯನ್ನೇ ಕಟ್ಟುವುದು ಕೂಡ ಉಂಟು. ಬಂದು ಹೋಗುತ್ತಿದ್ದ ನೋವು ಕರುಳು ಅರ್ಧ ತಿರುಚಿ ತಾನಾಗಿ ಬಿಚ್ಚಿಕೊಂಡದ್ದರಿಂದಲೂ ಬಂದಿರಬಹುದು. ಹಾಗಾಗಿ ಈಗ ನೋವಿಲ್ಲ ಎಂಬುದನ್ನು ನಾನು ಸಮಾಧಾನದ ಮಾತಾಗಿ ತೆಗೆದುಕೊಳ್ಳಲಾರೆ.

ಸೂಜಿಯಿಂದ ನೀರು ತೆಗೆದರೂ ಒಳಗೋಡೆ ಉಳಿಯುವುದರಿಂದ ಸಿಸ್ಟ್ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ, ಜೊತೆಗೆ ಸೋಂಕಿನ ಅಪಾಯ ಬೇರೆ. ಕರಗಿಸುತ್ತೇವೆನ್ನುವ ಪುಡಿ, ಕಷಾಯಗಳಿಗೆ ಹಣ ಸುರಿಯಬೇಡಿ. 1880ರಲ್ಲಿ ಫ್ರಾನ್ಸ್‌ನ ಸರ್ಜನ್ ಟಿಲ್ಲೋ ಇಂಥ ಸಿಸ್ಟನ್ನು ಯಶಸ್ವಿಯಾಗಿ ತೆಗೆದರು. ಎಡಬಲಕ್ಕೆ ಸರಾಗವಾಗಿ ಸರಿದು ಮೇಲೆ ಕೆಳಗೆ ಅಷ್ಟಾಗಿ ಜರುಗದ ಗಂಟನ್ನು ವೈದ್ಯರು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಸಿಸ್ಟನ್ನು ಪೂರ್ತಿಯಾಗಿ ಬಿಡಿಸಿ ತೆಗೆಯುವುದೇ ಈಗಲೂ ಸರಿಯಾದ ಚಿಕಿತ್ಸೆ. ಅದು ರಕ್ತನಾಳಗಳಿಗೆ ಅಂಟಿಕೊಂಡಿದ್ದರೆ ಕರುಳಿನ ಒಂದು ತುಂಡನ್ನೂ ತೆಗೆದು ಎರಡು ತುದಿಗಳನ್ನು ಜೋಡಿಸಬೇಕಾಗಬಹುದು. ಈ ಸಾಧ್ಯತೆಯನ್ನೂ, ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿ ಆಗುತ್ತದೆಯೇ ಎಂಬುದನ್ನೂ ಸರ್ಜನ್ ಅವರನ್ನು ಮುಂಚೆಯೇ ಕೇಳಿ. ತೆಗೆದ ಸಿಸ್ಟ್ ಬಯಾಪ್ಸಿ ಪರೀಕ್ಷೆಗೆ ಹೋಗಲೇಬೇಕು.

ರಜೆ ಹತ್ತಿರದಲ್ಲೇ ಇದ್ದರೆ ಮಾತು ಬೇರೆ, ತಿಂಗಳುಗಟ್ಟಲೆ ಕಾಯುವುದನ್ನು ನಾನು ಒಪ್ಪುವುದಿಲ್ಲ. ಅತ್ತೆಯವರ ಕಾಳಜಿ ದೊಡ್ಡದೇ, ಆದರೆ ಹೊಟ್ಟೆ ನೀವುವುದು ಇಂದಿಗೇ ನಿಲ್ಲಲಿ. ಆಪರೇಷನ್ ಆಗುವವರೆಗೆ ಹಸಿರು ವಾಂತಿ, ಬಿಡದ ನೋವು, ಹೊಟ್ಟೆಯುಬ್ಬರ, ಜ್ವರ ಇವುಗಳಲ್ಲಿ ಯಾವುದು ಕಂಡರೂ ಮಗುವಿಗೆ ತಿನ್ನಲು ಕುಡಿಯಲು ಏನೂ ಕೊಡದೆ, ರಾತ್ರಿಯಾದರೂ ಸರಿ, ಸ್ಕ್ಯಾನಿಂಗ್ ವರದಿಯೊಂದಿಗೆ ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ.